ಇಪ್ಪತ್ತಾರೂವರೆ ಡಾಲರ್ ಮತ್ತು ಒಂದು ಖಾಲಿ ಕುರ್ಚಿ

ಸರ್ಕಾರಿ ಶಾಲೆಯ ಡೆಸ್ಕಿನ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಲ್ಲುಗಾಲಿಯ ಗುರುತು ನೋಡಿರುತ್ತೀರಿ. ಕೆಳಗೆ ‘ರೋಟರಿ ಕ್ಲಬ್’ ಎಂದು ಬರೆದಿರುತ್ತದೆ. ಕೊಟ್ಟವರು ತಾಲ್ಲೂಕು ಕೇಂದ್ರದ ಡಾಕ್ಟರು, ವಕೀಲರು, ಅಂಗಡಿ ಮಾಲೀಕರು ಎಂದು ಊರಿಗೆ ಗೊತ್ತು. ಆದರೆ ಒಂದು ಊರಲ್ಲಿ ಎತ್ತಿದ ಚಂದಾ ಇನ್ನೊಂದು ದೇಶದ ಹುಡುಗರನ್ನು ಓದಿಸುವ ಏರ್ಪಾಡು ಹೇಗೆ ಶುರುವಾಯಿತು? ಆ ದುಡ್ಡಿನ ಲೆಕ್ಕ ಹಾಕುವ ಸಭೆಯಲ್ಲಿ ಕೂರಲು ಯಾರಿಗೆ ಹಕ್ಕಿತ್ತು, ಯಾರಿಗಿರಲಿಲ್ಲ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರೆ ಮಾತ್ರ ಇತಿಹಾಸ ಪೂರ್ತಿಯಾಗುತ್ತದೆ.

ರೋಟರಿ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1905ರ ಫೆಬ್ರವರಿ 23ರಂದು. ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಯದವರನ್ನು ಕೂಡಿಸಿಕೊಂಡು ಸಭೆ ಮಾಡಿದರು. ಅವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ಬಟ್ಟೆ ಹೊಲಿಯುವವರು. ಒಂದು ಸಲ ಒಬ್ಬರ ಕಚೇರಿಯಲ್ಲಿ, ಮುಂದಿನ ಸಲ ಇನ್ನೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದರು. ಅದಕ್ಕೇ ‘ರೋಟರಿ’ ಎಂಬ ಹೆಸರು ಬಂತು. ಮೊದಮೊದಲು ಇದು ಸ್ನೇಹಕ್ಕೆ, ವ್ಯಾಪಾರಕ್ಕೆ ಕಟ್ಟಿಕೊಂಡ ಕೂಟ. ಊರಿಗಾಗಿ ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಶಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಭಾರತದಲ್ಲಿ ಮೊದಲ ಕ್ಲಬ್ 1919ರಲ್ಲಿ ಕಲ್ಕತ್ತಾದಲ್ಲಿ ಸೇರಿತು. ಬೆಂಗಳೂರಿಗೆ ರೋಟರಿ ಬಂದಿದ್ದು 1934ರಲ್ಲಿ.

ಶಿಕ್ಷಣ ನಿಧಿಯ ಬೇರು 1917ರಲ್ಲಿದೆ. ಆ ವರ್ಷ ಅಟ್ಲಾಂಟಾದಲ್ಲಿ ನಡೆದ ಮಹಾಸಭೆಯಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್, ‘ಲೋಕಕ್ಕೆ ಒಳ್ಳೆಯದು ಮಾಡಲು’ ಒಂದು ಶಾಶ್ವತ ನಿಧಿ ಬೇಕು ಎಂದರು. ಮಾತು ದೊಡ್ಡದು, ಬಂದ ದುಡ್ಡು ಸಣ್ಣದು. ಮರುವರ್ಷ ಕಾನ್ಸಾಸ್ ಸಿಟಿಯ ಕ್ಲಬ್ ಮಹಾಸಭೆಯ ಖರ್ಚು ಕಳೆದು ಉಳಿದ 26 ಡಾಲರ್ 50 ಸೆಂಟ್‌ಗಳನ್ನು ಕೊಟ್ಟಿತು. ಅದೇ ಮೊದಲ ದೇಣಿಗೆ. ಹತ್ತು ವರ್ಷ ಕಳೆದರೂ ನಿಧಿ ಐದು ಸಾವಿರ ಡಾಲರಿನ ಆಸುಪಾಸಿನಲ್ಲೇ ಇತ್ತು. 1928ರಲ್ಲಿ ಅದಕ್ಕೆ ‘ರೋಟರಿ ಫೌಂಡೇಶನ್’ ಎಂದು ಹೆಸರಿಟ್ಟರು. ಆಮೇಲೆ ಆರ್ಥಿಕ ಕುಸಿತ, ಅದರ ಹಿಂದೆಯೇ ಮಹಾಯುದ್ಧ. ನಿಧಿ ಕುಂಟುತ್ತಲೇ ಸಾಗಿತು.

ನಿಧಿ ತುಂಬಿದ್ದು ಒಂದು ಸಾವಿನಿಂದ. 1947ರ ಜನವರಿ 27ರಂದು ಪಾಲ್ ಹ್ಯಾರಿಸ್ ತೀರಿಕೊಂಡರು. ಹೂವಿನ ಹಾರಕ್ಕೆ ದುಡ್ಡು ಹಾಕುವ ಬದಲು ಫೌಂಡೇಶನ್‌ಗೆ ಕೊಡಿ ಎಂಬುದು ಅವರ ಆಸೆಯಾಗಿತ್ತು. ಅಲ್ಲಲ್ಲಿನ ಕ್ಲಬ್ಬುಗಳು ಚಂದಾ ಎತ್ತಿ ಕಳಿಸಿದವು. ಒಂದೂವರೆ ವರ್ಷದೊಳಗೆ ಹತ್ತು ಲಕ್ಷ ಡಾಲರಿಗೂ ಮೀರಿ ಸೇರಿತು. ಆ ದುಡ್ಡಿನಿಂದ 1947ರಲ್ಲೇ ಪದವೀಧರರನ್ನು ಬೇರೆ ದೇಶಕ್ಕೆ ಓದಲು ಕಳಿಸುವ ವಿದ್ಯಾರ್ಥಿವೇತನ ಶುರುವಾಯಿತು. ಮೊದಲ ತಂಡದಲ್ಲಿ 18 ಮಂದಿ ಇದ್ದರು. ಯುದ್ಧ ಮುಗಿದು ಎರಡೇ ವರ್ಷ ಆಗಿದ್ದ ಕಾಲ. ನಿನ್ನೆ ಶತ್ರುವಾಗಿದ್ದ ದೇಶದ ಹುಡುಗ ಇಂದು ನಮ್ಮೂರಲ್ಲಿ ಕೂತು ಓದಲಿ, ನಮ್ಮ ಮನೆಯಲ್ಲಿ ಊಟ ಮಾಡಲಿ ಎಂಬುದು ಇದರ ಹಿಂದಿನ ಯೋಚನೆ.

1951ರಲ್ಲಿ ಈ ವೇತನ ಪಡೆದು ಜಪಾನಿನಿಂದ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದವರು ಸದಾಕೊ ಒಗಾಟ ಎಂಬ ಯುವತಿ. ನಲವತ್ತು ವರ್ಷಗಳ ನಂತರ, 1991ರಲ್ಲಿ, ಅವರು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಒಗಾಟ ಅವರು ರೋಟರಿಯ ದುಡ್ಡಿನಲ್ಲಿ ಓದಬಹುದಿತ್ತು, ರೋಟರಿಯ ಸದಸ್ಯರಾಗುವಂತಿರಲಿಲ್ಲ. ಸದಸ್ಯತ್ವ ಗಂಡಸರಿಗೆ ಮಾತ್ರ ಎಂಬುದು ನಿಯಮ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸದಸ್ಯರ ಹೆಂಡಂದಿರು 1924ರಲ್ಲೇ ‘ಇನ್ನರ್ ವೀಲ್’ ಎಂಬ ತಮ್ಮದೇ ಕ್ಲಬ್ ಕಟ್ಟಿಕೊಂಡು ಸೇವೆಗಿಳಿದಿದ್ದರು. ಆದರೂ ರೋಟರಿಯ ಸಭೆಯಲ್ಲಿ ಅವರಿಗೆ ಕುರ್ಚಿ ಇರಲಿಲ್ಲ.

ನಿಯಮವನ್ನು ಅಲುಗಾಡಿಸಿದ್ದು ಕ್ಯಾಲಿಫೋರ್ನಿಯಾದ ದುವಾರ್ಟೆ ಎಂಬ ಸಣ್ಣ ಊರು. ಸದಸ್ಯರು ಕಡಿಮೆಯಾಗುತ್ತಾ ಬಂದಿದ್ದ ಆ ಕ್ಲಬ್ 1977ರಲ್ಲಿ ಮೂವರು ಹೆಂಗಸರನ್ನು ಸೇರಿಸಿಕೊಂಡಿತು. ಕೇಂದ್ರ ಸಂಸ್ಥೆ ಮರುವರ್ಷ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡಿತು. ದುವಾರ್ಟೆಯವರು ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹೆಂಗಸರನ್ನು ಹೊರಗಿಡಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ಶಾಲಾ ಮುಖ್ಯಶಿಕ್ಷಕಿ ಸಿಲ್ವಿಯಾ ವಿಟ್ಲಾಕ್ ಆ ಕ್ಲಬ್ಬಿನ ಅಧ್ಯಕ್ಷೆಯಾದರು. ಜಗತ್ತಿನ ಎಲ್ಲ ರೋಟರಿ ಕ್ಲಬ್ಬುಗಳ ನಿಯಮ ಬದಲಾಗಿದ್ದು 1989ರಲ್ಲಿ. ಇಡೀ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆ ಸಿಕ್ಕಿದ್ದು 2022ರಲ್ಲಿ, ಕೆನಡಾದ ಜೆನಿಫರ್ ಜೋನ್ಸ್.

ಈಗ ದುಡ್ಡು ಓಡಾಡುವ ದಾರಿ ಹೀಗಿದೆ. ಕ್ಲಬ್ಬುಗಳು ಫೌಂಡೇಶನ್ನಿನ ವಾರ್ಷಿಕ ನಿಧಿಗೆ ಕೊಟ್ಟ ಹಣವನ್ನು ಮೂರು ವರ್ಷ ಹೂಡಿಕೆಯಲ್ಲಿಡುತ್ತಾರೆ. ಆಮೇಲೆ ಸುಮಾರು ಅರ್ಧದಷ್ಟನ್ನು ಎಲ್ಲಿ ಬಳಸಬೇಕೆಂದು ಆ ಕ್ಲಬ್ಬುಗಳ ರೋಟರಿ ಜಿಲ್ಲೆಯೇ ತೀರ್ಮಾನಿಸುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ವಿಶ್ವನಿಧಿಗೆ ಹೋಗುತ್ತದೆ. ವಿದೇಶದ ಶಾಲೆಯೊಂದಕ್ಕೆ ‘ಗ್ಲೋಬಲ್ ಗ್ರಾಂಟ್’ ಬೇಕೆಂದರೆ ಯೋಜನೆ ಕನಿಷ್ಠ 30,000 ಡಾಲರಿನದ್ದಾಗಿರಬೇಕು. ಕೆಲಸ ನಡೆಯುವ ದೇಶದ ಒಂದು ಕ್ಲಬ್, ಹೊರದೇಶದ ಒಂದು ಕ್ಲಬ್, ಎರಡೂ ಜೊತೆಗೂಡಬೇಕು. ಎಲ್ಲಕ್ಕಿಂತ ಮೊದಲು, ಆ ಊರಿಗೆ ಏನು ಬೇಕು ಎಂದು ಊರವರನ್ನೇ ಕೇಳಿ ಸಮೀಕ್ಷೆ ಮಾಡಿರಬೇಕು.

ಈ ಕೊನೆಯ ಷರತ್ತು ನಮ್ಮ ಹಳ್ಳಿಗಳಿಗೆ ಮುಖ್ಯ. ದಾನಿಗಳು ಬಂದಾಗ ಹಾರ ಹಾಕಿ ಫೋಟೊ ತೆಗೆಸಿಕೊಂಡರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಶಾಲೆಗೆ ಕಂಪ್ಯೂಟರ್ ಬೇಕೋ, ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಾಲಯ ಬೇಕೋ ಎಂದು ಹೇಳಬೇಕಾದವರು ಎಸ್‌ಡಿಎಂಸಿಯಲ್ಲಿರುವ ತಂದೆತಾಯಿಯರು. ಆ ಮಾತು ಕೇಳುವ ಸಭೆಯಲ್ಲಿ ತಾಯಂದಿರೂ ಇರಬೇಕು. ಇಪ್ಪತ್ತಾರೂವರೆ ಡಾಲರ್ ಇಷ್ಟು ದೊಡ್ಡದಾಗಿ ಬೆಳೆಯಲು ಮೂವತ್ತು ವರ್ಷ ಸಾಕಾಯಿತು. ಹೆಂಗಸರಿಗೆ ಒಂದು ಕುರ್ಚಿ ಹಾಕಲು ಎಂಬತ್ತನಾಲ್ಕು ವರ್ಷ ಹಿಡಿಯಿತು. ನಮ್ಮೂರ ಸಭೆಯಲ್ಲಿ ಆ ಕುರ್ಚಿ ಹಾಕಲು ಯಾವ ಕೋರ್ಟಿನ ಆದೇಶವೂ ಬೇಕಿಲ್ಲ.