ಲೈನ್ ಖಾಲಿ ಇಲ್ಲ

ಗಂಗಾವತಿ ತಾಲ್ಲೂಕಿನ ಮರಳಿ ನಮ್ಮ ಹಿರಿಯರ ಊರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಸೀಮೆ ಅದು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳ ಬೆನ್ನಿಗೆ ದೂರವಾಣಿಯ ಹಂಬಲ ಬಂದಿತು. ಗಿರಣಿಯ ಸಾಹುಕಾರರಿಗೆ ದಿನವೂ ಪೇಟೆಯ ಧಾರಣೆ ತಿಳಿಯಬೇಕು. ಕ್ಯಾಂಪುಗಳಲ್ಲಿ ನೆಲಸಿದ ಆಂಧ್ರದ ರೈತರಿಗೆ ತಮ್ಮ ಹುಟ್ಟೂರಿನ ಕ್ಷೇಮ ಸಮಾಚಾರ ಬೇಕು. ಇವರೆಲ್ಲರ ಮಾತೂ ಊರಿನಿಂದ ಹೊರಬೀಳಬೇಕಾದುದು ಕೈಬೆರಳಲ್ಲಿ ಎಣಿಸಬಹುದಾದಷ್ಟು ತಂತಿಗಳ ಮೇಲೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ನಮ್ಮ ದೊಡ್ಡಪ್ಪನವರು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿದ್ದರು. ಅವರ ಸ್ಥಿತಿ ತಿಳಿದುಕೊಂಡು ಬರಲು ಮನೆಯವರು ನನ್ನನ್ನು ಹತ್ತಿರದ ಪೇಟೆಗೆ ಅಟ್ಟಿದರು. ಮಧ್ಯಾಹ್ನ ಎರಡು ಗಂಟೆಗೆ ಕಚೇರಿಯಲ್ಲಿ ಟ್ರಂಕ್ ಕರೆಯನ್ನು ಬುಕ್ ಮಾಡಿದೆ. ಆಗ ಕರೆಗಳಲ್ಲಿ ಮೂರು ಜಾತಿ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡರಷ್ಟು ದರ, ಲೈಟ್ನಿಂಗಿಗೆ ಎಂಟರಷ್ಟು. ಜೇಬಿನಲ್ಲಿ ಹಣವಿರಲಿಲ್ಲವೆಂದಲ್ಲ, ಎರಡರಷ್ಟು ತೆರುವುದು ದಂಡವೆನ್ನಿಸಿತು. ಆರ್ಡಿನರಿ ಎಂದೇ ಬರೆಯಿಸಿದೆ. ಸಂಜೆ ಏಳಕ್ಕೆ ಮನಸ್ಸು ತಡೆಯದೆ ಅದನ್ನು ಅರ್ಜೆಂಟಿಗೆ ಏರಿಸಿದೆ. ಕಚೇರಿಯ ಬಾಗಿಲು ಹಾಕುವ ಹೊತ್ತಾದರೂ ಹುಬ್ಬಳ್ಳಿ ಸಿಗಲಿಲ್ಲ. ಮರುದಿನ ಬೆಳಗಿನ ಬಸ್ಸಿನಲ್ಲಿ ಸುದ್ದಿಯೇ ಇಳಿದು ಬಂದಿತು. ದೊಡ್ಡಪ್ಪನವರು ಹಿಂದಿನ ರಾತ್ರಿಯೇ ತೀರಿಕೊಂಡಿದ್ದರು.

ದುಃಖಕ್ಕಿಂತ ಮೊದಲು ಸಿಟ್ಟು ಬರುವ ವಯಸ್ಸು ನನ್ನದು. ನೇರವಾಗಿ ಹೋಗಿ ಆಪರೇಟರನ ಮೇಲೆ ಹರಿಹಾಯ್ದೆ. ಸಾಹುಕಾರರ ಕರೆಗಳನ್ನು ಮುಂದೆ ಮಾಡಿ ಬಡವರ ಕರೆಯನ್ನು ಕಾಲಡಿಗೆ ಹಾಕಿದೆ ಎಂದೆ. ಆತ ಎದುರಾಡಲಿಲ್ಲ. ನನ್ನ ಕರೆಯ ಚೀಟಿಯನ್ನು ಹುಡುಕಿ ತೆಗೆದು ನನ್ನ ಕಡೆಗೆ ತಿರುಗಿಸಿದ. ಅದರಲ್ಲಿ ಆರು ವೇಳೆಗಳನ್ನು ಒಂದರ ಕೆಳಗೊಂದು ಬರೆದಿತ್ತು. ಪ್ರತಿಯೊಂದರ ಮುಂದೆಯೂ ಒಂದೇ ಗುರುತು. "ಲೈನ್ ಖಾಲಿ ಇಲ್ಲಂತ ಬರ್ದೀನ್ರಿ. ಇದ್ದದ್ದು ಇದ್ದಂಗ ಬರ್ದೀನಿ. ನಾ ಏನ್ ಮಾಡ್ಲಿ ಹೇಳ್ರಿ," ಎಂದ. ನಾನು ನಂಬಲಿಲ್ಲ. ಎಷ್ಟೋ ವರ್ಷ ನಂಬಲಿಲ್ಲ.

ಆಪರೇಟರನ ಮೇಲಿನ ಗುಮಾನಿ ನನ್ನೊಬ್ಬನದೇ ಅಲ್ಲ, ಅದು ದೂರವಾಣಿಯಷ್ಟೇ ಹಳೆಯದು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಉದ್ಯೋಗದ ಆಲ್ಮನ್ ಸ್ಟ್ರೌಜರ್ ಎಂಬಾತನಿದ್ದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಸಂಶಯ ಅವನಿಗೆ ಬಂದಿತೆಂದು ಕಥೆ. ಸಂಶಯ ನಿಜವೋ ಸುಳ್ಳೋ, ಆಪರೇಟರ್ ಬೇಡದ ಯಂತ್ರವೊಂದಕ್ಕೆ ಅವನು 1891ರಲ್ಲಿ ಪೇಟೆಂಟ್ ಪಡೆದ. ಆ ಜಾತಿಯ ಯಂತ್ರವನ್ನೇ ಮುಂದೆ ನಮ್ಮ ಬೆಂಗಳೂರಿನಲ್ಲಿ, 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿತು. ಆ ಕಾರ್ಖಾನೆಯಿಂದಾಗಿಯೇ ಆ ಬಡಾವಣೆಗೆ ದೂರವಾಣಿನಗರವೆಂಬ ಸೊಗಸಾದ ಹೆಸರು ಬಂದಿತು. 1960ರ ನವೆಂಬರಿನಲ್ಲಿ ಕಾನ್ಪುರಕ್ಕೂ ಲಖನೌಗೂ ನಡುವೆ ಚಂದಾದಾರರೇ ನೇರವಾಗಿ ಡಯಲು ತಿರುಗಿಸಿ ಮಾತನಾಡುವ ಎಸ್‌ಟಿಡಿ ದೇಶದಲ್ಲಿ ಮೊದಲ ಬಾರಿಗೆ ಆರಂಭವಾಯಿತು. ಆಪರೇಟರನನ್ನು ನಡುವಿನಿಂದ ತೆಗೆದಂತಾಯಿತು. ಆದರೂ ಕರೆ ಸಿಗದಿರುವುದು ನಿಲ್ಲಲಿಲ್ಲ.

ಕೆಟ್ಟ ತಂತಿಯ ವಿಚಾರ ಬೇರೆ. ಗಾಳಿಗೆ ತಂತಿಗಳು ಒಂದಕ್ಕೊಂದು ತಗಲುತ್ತವೆ, ಬೇವಿನ ಕೊಂಬೆ ಮುರಿದು ಬೀಳುತ್ತದೆ, ತಾಮ್ರದ ಆಸೆಗೆ ಕಳ್ಳರು ಕತ್ತರಿಸಿ ಒಯ್ಯುತ್ತಾರೆ. ಇಂಥ ದೋಷವನ್ನು ಹುಡುಕುವ ವಿದ್ಯೆಯನ್ನು ನಮ್ಮ ಲೈನ್‌ಮನ್‌ಗಳು ಬಲ್ಲವರಾಗಿದ್ದರು. ದಾರಿಯ ನಡುವಿನ ಒಂದು ಕಂಬವನ್ನು ಹತ್ತಿ, ಸೊಂಟದ ಪರೀಕ್ಷಾ ಫೋನನ್ನು ತಂತಿಗೆ ಸೇರಿಸಿ ಕೇಂದ್ರವನ್ನು ಕರೆಯುವುದು. ಉತ್ತರ ಬಂದರೆ ದೋಷ ಮುಂದಿದೆ, ಬರದಿದ್ದರೆ ಹಿಂದಿದೆ. ಉಳಿದ ಅರ್ಧದ ನಡುವೆ ಮತ್ತೊಂದು ಕಂಬ. ಕೇಂದ್ರದಲ್ಲಿ ಕುಳಿತವರು ತಂತಿಯ ವಿದ್ಯುತ್ ರೋಧವನ್ನು ಅಳೆದು, ಎಷ್ಟು ಮೈಲಿಯ ಆಚೆ ಕೆಟ್ಟಿದೆಯೆಂದು ಅಂದಾಜು ಹೇಳುತ್ತಿದ್ದರು. ಕೆಟ್ಟದ್ದು ಸಿಕ್ಕರೆ ಕಟ್ಟಬಹುದು. ಏನೂ ಕೆಡದೆಯೇ ಕರೆ ಸಿಗದಿದ್ದರೆ ಯಾವ ಕಂಬವನ್ನು ಹತ್ತಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವನು ಡೆನ್ಮಾರ್ಕಿನ ಎ. ಕೆ. ಅರ್ಲಾಂಗ್. 1908ರಲ್ಲಿ ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯನ್ನು ಸೇರಿದ ಗಣಿತಜ್ಞ. ಇಷ್ಟು ಜನ ಇಷ್ಟು ಹೊತ್ತು ಮಾತನಾಡುವುದಾದರೆ ಎಷ್ಟು ತಂತಿ ಬೇಕು ಎಂಬುದು ಅವನ ಮುಂದಿದ್ದ ಸಮಸ್ಯೆ. 1909ರಲ್ಲಿ ಮೊದಲ ಲೇಖನವನ್ನೂ 1917ರಲ್ಲಿ ಪ್ರಸಿದ್ಧವಾದ ಸೂತ್ರಗಳನ್ನೂ ಪ್ರಕಟಿಸಿದ. ದೂರವಾಣಿಯ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಇಂದಿಗೂ ಅವನದೇ ಹೆಸರು.

ಅವನ ಸೂತ್ರವನ್ನು ನಮ್ಮ ಹಳ್ಳಿಗೆ ಹಚ್ಚಿ ನೋಡೋಣ. ಊರಿನಿಂದ ಹೊರಹೋಗುವುದು ಒಂದೇ ತಂತಿ. ಗಂಟೆಯೊಂದಕ್ಕೆ ಜನ ಆಡಬೇಕೆಂದಿರುವ ಮಾತೆಲ್ಲ ಸೇರಿ ಅರ್ಧ ಗಂಟೆಯಷ್ಟು. ತಂತಿಗೆ ಬೇಕಾದಷ್ಟು ಬಿಡುವಿದೆಯೆಂದು ತೋರುತ್ತದೆ. ಆದರೆ ಜನ ಸರದಿ ಗೊತ್ತುಮಾಡಿಕೊಂಡು ಬರುವುದಿಲ್ಲ. ಒಬ್ಬರು ಮಾತನಾಡುವಾಗಲೇ ಇನ್ನೊಬ್ಬರಿಗೆ ಅವಸರ. ಲೆಕ್ಕ ಹಾಕಿದರೆ ಮೂರು ಕರೆಗಳಲ್ಲಿ ಒಂದು ವಿಫಲ. ಅದೇ ಒಂದು ಪಟ್ಟಣಕ್ಕೆ ಐದು ತಂತಿಗಳಿದ್ದು, ಮಾತೂ ಐದು ಪಟ್ಟು, ಎಂದರೆ ಎರಡೂವರೆ ಗಂಟೆಯಷ್ಟು ಇದ್ದರೆ, ವಿಫಲವಾಗುವುದು ಹದಿನಾಲ್ಕರಲ್ಲಿ ಒಂದು ಮಾತ್ರ. ತಂತಿಯೊಂದರ ಪಾಲಿಗೆ ಬಂದ ಮಾತು ಎರಡು ಕಡೆಯೂ ಸಮಾನವೇ. ಆದರೂ ಸಣ್ಣ ಊರು ಸಣ್ಣದಾಗಿದ್ದುದಕ್ಕೇ ದಂಡ ತೆರುತ್ತದೆ. ಇದನ್ನು ಮೊದಲ ಬಾರಿಗೆ ಗುಣಿಸಿ ನೋಡಿದಾಗ ನನಗೆ ಸ್ವಲ್ಪ ಹೊತ್ತು ಮುಂದಕ್ಕೆ ಓದಲಾಗಲಿಲ್ಲ.

ಟ್ರಂಕ್ ಕರೆಯದು ಕಾಯುವವರ ಲೆಕ್ಕ. ಗಂಟೆಗೆ ಒಂದು ಗಂಟೆಯ ಮಾತೋ ಅದಕ್ಕಿಂತ ಹೆಚ್ಚೋ ಬಂದು ಬೀಳುತ್ತಿದ್ದರೆ ಒಂದು ತಂತಿಯ ಸರದಿ ಎಂದಿಗೂ ಕರಗದು, ಬೆಳೆಯುತ್ತಲೇ ಹೋಗುತ್ತದೆ. ಅದರ ನಡುವೆ ಲೈಟ್ನಿಂಗ್ ಚೀಟಿ ಬಂದರೆ ಅರ್ಜೆಂಟ್ ಹಿಂದಕ್ಕೆ ಸರಿಯುತ್ತದೆ, ಅರ್ಜೆಂಟ್ ಬಂದರೆ ಆರ್ಡಿನರಿ. ದುಡ್ಡು ಸರದಿಯನ್ನು ಬದಲಿಸುತ್ತಿತ್ತೇ ಹೊರತು ಹೊಸ ತಂತಿಯನ್ನು ಎಳೆಯುತ್ತಿರಲಿಲ್ಲ. ನಾನು ಏಳು ಗಂಟೆಗೆ ಅರ್ಜೆಂಟ್ ಮಾಡಿಸಿದಾಗ ಇನ್ನಾರದೋ ಮನೆಯ ಆರ್ಡಿನರಿ ಕರೆ ಹಿಂದೆ ಬಿದ್ದಿರಬೇಕು. ಅವರ ಮನೆಯಲ್ಲಿ ಆ ದಿನ ಏನಾಗಿತ್ತೋ.

ಎಸ್‌ಟಿಡಿ ಬಂದ ಕಡೆಗಳಲ್ಲಿ ನಮ್ಮ ಅವಸರವೇ ಇನ್ನೊಂದು ರೋಗವಾಯಿತು. ಕರೆ ಸಿಗದವರು ಸುಮ್ಮನಿರದೆ ಮತ್ತೆ ಮತ್ತೆ ಡಯಲು ತಿರುಗಿಸಿದರು. 1964ರಲ್ಲಿ ಬೆಲ್ಜಿಯಮ್ಮಿನ ಕಂಪನಿಯೊಂದರ ಜತೆ ಒಪ್ಪಂದ ಮಾಡಿಕೊಂಡು ಪೆಂಟಾಕಾಂಟಾ ಎಂಬ ಕ್ರಾಸ್‌ಬಾರ್ ಯಂತ್ರವನ್ನು ಬೆಂಗಳೂರಿನಲ್ಲಿ ತಯಾರಿಸತೊಡಗಿದರು. ಅದು ಯುರೋಪಿನ ಮನೆಗಳ ಅಳತೆಗೆ ಹೊಲಿದ ಅಂಗಿ. ಅಲ್ಲಿ ಒಂದು ಫೋನಿಗೆ ಒಂದು ಕುಟುಂಬ. ಇಲ್ಲಿ ಒಂದು ಫೋನಿಗೆ ಓಣಿಯೆಲ್ಲ. ಆ ಯಂತ್ರದಲ್ಲಿ ಕರೆ ಸಿಗಲಿ ಬಿಡಲಿ, ಪ್ರತಿ ಡಯಲಿಗೂ ನಿಯಂತ್ರಣ ಭಾಗವು ಕೆಲಸ ಮಾಡಲೇಬೇಕು. ವಿಫಲ ಪ್ರಯತ್ನಗಳೇ ಯಂತ್ರದ ಹೊತ್ತನ್ನೆಲ್ಲ ತಿಂದು, ಸಿಗಬಹುದಾಗಿದ್ದ ಕರೆಗಳನ್ನೂ ಸಿಗದಂತೆ ಮಾಡಿದವು. ನಮ್ಮ ಎಂಜಿನಿಯರರು ಅದನ್ನು ಈ ದೇಶದ ದಟ್ಟಣೆಗೆ ತಕ್ಕಂತೆ ತಿದ್ದಬೇಕಾಯಿತು.

ಹಳ್ಳಿಯ ಅಳತೆಗೇ ಹೊಲಿದ ಅಂಗಿ ಬಂದುದು ಆಮೇಲೆ. 1984ರ ಆಗಸ್ಟಿನಲ್ಲಿ ಸ್ಯಾಮ್ ಪಿತ್ರೋಡಾ ಮೊದಲಾದವರ ಪ್ರಯತ್ನದಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅದರ ಸಂಕಲ್ಪ. ಆ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊಟ್ಟಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ನಾಡಿನ ಕಿತ್ತೂರಿನಲ್ಲಿ. ಅದು 128 ಪೋರ್ಟುಗಳ ಒಂದು ಪೆಟ್ಟಿಗೆ. ಹವಾನಿಯಂತ್ರಣದ ಕೋಣೆ ಬೇಕಿರಲಿಲ್ಲ. ಧೂಳು ಸೆಕೆಗಳನ್ನು ತಾಳಿಕೊಳ್ಳುತ್ತಿತ್ತು. ನಮ್ಮ ಸೀಮೆಯ ಬೇಸಿಗೆಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮುಂದೆ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಬಂದವು, ಬೆಳಕಿನ ಎಳೆಗಳ ಕೇಬಲುಗಳು ಬಂದವು, ಮೊಬೈಲೂ ಬಂದಿತು. ಹೊರಹೋಗುವ ಹಾದಿ ಒಂದರಿಂದ ನೂರಾಯಿತು, ಸಾವಿರವಾಯಿತು.

ಈಗಲೂ ಕರೆ ಸಿಗದೆಯೇ ಹೋಗುವುದುಂಟು. ಗಂಗಾವತಿಗೆ 08533, ಕೊಪ್ಪಳಕ್ಕೆ 08539, ಕುಷ್ಟಗಿಗೆ 08536, ಯಲಬುರ್ಗಿಗೆ 08534: ನೆರೆಹೊರೆಯ ಊರುಗಳಾದರೂ ಸಂಕೇತ ಬೇರೆ ಬೇರೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಮಾಡುವ ಕರೆಗೆ ಮುಂದೊಂದು ಸೊನ್ನೆ ಹಚ್ಚಬೇಕೆಂಬ ನಿಯಮ ಬಂದಾಗ, ಮರಳಿಯ ನಮ್ಮ ಸೋದರತ್ತೆ ವಾರವೆಲ್ಲ ಫೋನು ಕೆಟ್ಟಿದೆಯೆಂದೇ ತಿಳಿದಿದ್ದರು.

ಅರ್ಲಾಂಗನ ಲೆಕ್ಕವನ್ನು ನಾನು ಓದಿದ್ದು ತೀರ ತಡವಾಗಿ. ಓದಿದ ಮೇಲೆ ಆ ಪೇಟೆಗೆ ಹೋದಾಗ ಕಚೇರಿ ಬೇರೆ ಕಟ್ಟಡಕ್ಕೆ ಹೋಗಿತ್ತು. ಆಪರೇಟರನ ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಚೀಟಿಯ ಕೊನೆಯ ವೇಳೆ ಮಾತ್ರ ನೆನಪಿದೆ: ರಾತ್ರಿ ಒಂಬತ್ತು ಹತ್ತು. ಕಚೇರಿಯ ಬಾಗಿಲು ಹಾಕಿ ನಾನು ಹೊರಟುಬಂದದ್ದು ಎಂಟೂವರೆಗೆ.