ಗುಳೆ ಹೊರಟ ಮನೆ, ಮಕ್ಕಳ ಸಾಲಿ

ಮಗನಿಗೆ ದುಬೈಯಲ್ಲಿ ನೌಕರಿ ಸಿಕ್ಕಿತು, ಅಳಿಯನಿಗೆ ಸಿಂಗಪುರಕ್ಕೆ ವರ್ಗವಾಯಿತು ಎಂಬ ಸುದ್ದಿ ಬಂದ ಮನೆಯಲ್ಲಿ ಹಿಗ್ಗಿನ ಬೆನ್ನಿಗೇ ಒಂದು ಚಿಂತೆಯೂ ಬರುತ್ತದೆ. ಮಕ್ಕಳ ಸಾಲಿಯ ಗತಿಯೇನು? ಜೊತೆಗೆ ಕರೆದೊಯ್ದು ಅಲ್ಲಿಯ ಶಾಲೆಗೆ ಹಾಕುವುದೋ, ಅಜ್ಜ ಅಜ್ಜಿಯರ ಹತ್ತಿರ ಬಿಟ್ಟು ಇಲ್ಲಿಯೇ ಓದಿಸುವುದೋ? ಇದು ಈಚಿನ ಕಾಲದ ಪ್ರಶ್ನೆಯೆಂದು ನಿಮಗೆ ತೋರಬಹುದು. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಗೆ ಇದು ಬಹು ಹಳೆಯದು. ವಿಮಾನ ಹತ್ತಿದವರಿಗಿಂತ ಎಷ್ಟೋ ಮೊದಲು, ಬುತ್ತಿ ಕಟ್ಟಿಕೊಂಡು ಗುಳೆ ಹೊರಟವರು ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ.

ಈ ಸೀಮೆಯ ಮಕ್ಕಳು ಪರಭಾಷೆಯ ಶಾಲೆಯನ್ನು ಕಾಣಲು ಊರು ಬಿಡಬೇಕಾಗಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. 1818ರಲ್ಲಿ ಪೇಶ್ವೆಯವರ ಆಡಳಿತ ಮುಗಿದ ಮೇಲೆ ಈ ನಾಡು ಮುಂಬಯಿ ಇಲಾಖೆಗೆ ಸೇರಿತು. ಕಚೇರಿಯಲ್ಲಿ ನಡೆಯುತ್ತಿದ್ದ ಮರಾಠಿಯೇ ಮೊದಮೊದಲಿನ ಸರಕಾರಿ ಶಾಲೆಗಳಿಗೂ ಬಂದಿತು. ಮನೆಯಲ್ಲಿ ಕನ್ನಡವಾಡುವ ಹುಡುಗ ತನ್ನ ಊರಿನಲ್ಲಿಯೇ ಪರವೂರಿನವನಂತೆ ಪಾಠಕ್ಕೆ ಕುಳಿತ. ಅದನ್ನು ತಪ್ಪಿಸಲು ವಿದ್ಯಾಖಾತೆಯ ಒಳಗಿನಿಂದಲೇ ದುಡಿದವರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಮುಖ್ಯರು. ಅವರು 1881ರಲ್ಲಿ ತೀರಿಕೊಂಡರು. ಪ್ರಾಥಮಿಕ ಶಾಲೆಗೆ ನಮ್ಮ ಕಡೆ ಇಂದಿಗೂ 'ಕನ್ನಡ ಸಾಲಿ' ಎನ್ನುವ ಮಾತುಂಟು. ಆ ದುಡಿಮೆಯನ್ನು ಅದು ನೆನಪಿಗೆ ತರುತ್ತದೆ.

ಕನ್ನಡ ಸಾಲಿಗಳು ಬೇರೂರುತ್ತಿದ್ದಾಗಲೇ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗಿನ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಈ ಸೀಮೆಯನ್ನು, ಹಿಂಡಿಹಾಕಿತು. ಊರಿಗೆ ಊರೇ ಕೂಳು ಹುಡುಕಿಕೊಂಡು ನಡೆಯಿತು. 1880ರ ದಶಕದಲ್ಲಿ ಗದಗದಿಂದ ಬಾದಾಮಿ, ಬಾಗಲಕೋಟೆಗಳ ಮೇಲೆ ಹೋಟಗಿಗೆ ರೈಲು ಬಂದಿತು. ಹೋಟಗಿಯಾಚೆ ಸೊಲ್ಲಾಪುರ, ಅಲ್ಲಿ ಬಟ್ಟೆಯ ಗಿರಣಿಗಳು. ಇತ್ತ ಇಳಕಲ್ಲಿನಿಂದ ಕೆಲವೇ ಮೈಲು ನಡೆದರೆ ಕುಷ್ಟಗಿ. ಅದು ನಿಜಾಮರ ರಾಜ್ಯ. ಅಲ್ಲಿ ಮನೆ ಮಾತು ಕನ್ನಡವೇ ಆದರೂ ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ರಾಜ್ಯ ಕೊನೆಗೊಂಡದ್ದು 1948ರಲ್ಲಿ. ಅಲ್ಲಿಯವರೆಗೆ ಒಂದೇ ಕುಲದ ಇಬ್ಬರು ಹುಡುಗರು, ಗಡಿಯ ಆಚೆ ಈಚೆ ಇದ್ದ ಮಾತ್ರಕ್ಕೆ, ಬೇರೆ ಬೇರೆ ಲಿಪಿಯಲ್ಲಿ ವಿದ್ಯೆ ಕಲಿಯಬೇಕಾಗಿತ್ತು.

ಮುಂಬಯಿಯ ಕಥೆ ಬೇರೆ. ಅಲ್ಲಿಗೆ ಮೊದಲು ಹೋದ ಕನ್ನಡಿಗರು, ವಿಶೇಷವಾಗಿ ದಕ್ಷಿಣ ಕನ್ನಡದವರು, ಶಾಲೆಯ ಏರ್ಪಾಟನ್ನೂ ತಾವೇ ಮಾಡಿಕೊಂಡರು. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದರು. 1939ರಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಹುಟ್ಟಿ, ವಡಾಲದಲ್ಲಿ ಶಾಲೆ ನಡೆಸಿತು. ಮುಂಬಯಿ ನಗರಸಭೆಯೂ ಕನ್ನಡ ಶಾಲೆಗಳನ್ನು ಇಟ್ಟಿತು. ಆಗ ವಿಜಾಪುರ ಜಿಲ್ಲೆಯೂ ಮುಂಬಯಿಯೂ ಸೊಲ್ಲಾಪುರವೂ ಒಂದೇ ಪ್ರಾಂತ, ಒಂದೇ ವಿದ್ಯಾಖಾತೆ. 1956ರ ನವೆಂಬರ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಅದು ಹಬ್ಬದ ದಿನವೇ ಸರಿ. ಆದರೆ ಅಂದಿನಿಂದ ಬಾಗಲಕೋಟೆಯ ಹುಡುಗನಿಗೆ ಸೊಲ್ಲಾಪುರದ ಶಾಲೆ ಬೇರೆ ರಾಜ್ಯದ ಶಾಲೆಯಾಯಿತು.

ಗೋವೆಯಂತೂ ನಿಜವಾಗಿಯೂ ಪರದೇಶವೇ ಆಗಿತ್ತು. 1961ರ ಡಿಸೆಂಬರ 19ರವರೆಗೆ ಅಲ್ಲಿ ಪೋರ್ತುಗೀಸರ ಆಳಿಕೆ. ಆಮೇಲೆ ಅಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಬೆಳೆಯಿತು. ಬಾಗಲಕೋಟೆ ಸೀಮೆಯ ಕೂಲಿಕಾರರು ಹುಬ್ಬಳ್ಳಿ, ಲೋಂಡಾ ದಾಟಿ ವಾಸ್ಕೋದತ್ತ ನಡೆದರು. ವಾಸ್ಕೋದ ಸುತ್ತ ಕೆಲವು ಕನ್ನಡ ಶಾಲೆಗಳು ಹುಟ್ಟಿದವು. ಅವು ದೂರವಿದ್ದಲ್ಲಿ ಮಗುವಿಗೆ ಮರಾಠಿಯೋ ಕೊಂಕಣಿಯೋ. ಅ ಆ ಇ ಈ ಮತ್ತೆ ಮೊದಲಿನಿಂದ.

ಭಾಷೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಸಾಲಿಯ ವರ್ಷ ಮುಂಗಾರಿನೊಡನೆ ಆರಂಭವಾಗಿ ಬೇಸಗೆಯ ಮೊದಲಿಗೆ ಪರೀಕ್ಷೆಯಲ್ಲಿ ಮುಗಿಯುತ್ತದೆ. ಗುಳೆಯ ವರ್ಷ ಹಾಗಲ್ಲ. ಹೊಲದ ಕೆಲಸ ತೀರಿದ ಮೇಲೆ ಹೊರಟು, ಮತ್ತೆ ಬಿತ್ತನೆಯ ಹೊತ್ತಿಗೆ ಮರಳುವುದು. ಹೀಗಾಗಿ ಹುಡುಗ ಊರಿನ ಸಾಲಿಯಲ್ಲಿ ಅರ್ಧ ವರ್ಷ ಕಲಿತು, ಪರೀಕ್ಷೆಯ ಹೊತ್ತಿಗೆ ಹಾಜರಿಯಿಂದ ಮಾಯವಾಗುತ್ತಾನೆ. ಹುಡುಗಿಯ ಪಾಡು ಇನ್ನೂ ಕಷ್ಟ. ತಾಯಿ ಬುಟ್ಟಿ ಹೊತ್ತಾಗ ಕೈಗೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಬೇಕು. ಅವಳ ಪಾಟಿ ಚೀಲ ಮನೆಯ ಗೂಟದಲ್ಲಿಯೇ ಉಳಿಯುತ್ತದೆ.

ಸರಕಾರವೂ ಇದನ್ನು ಕಂಡಿದೆ. ಗುಳೆ ಹೋದವರ ಮಕ್ಕಳು ಊರಲ್ಲಿಯೇ ಉಳಿಯಲು ಋತುಮಾನದ ವಸತಿ ವ್ಯವಸ್ಥೆ, ಕೆಲಸದ ಸ್ಥಳದಲ್ಲಿ ಟೆಂಟ್ ಶಾಲೆ, ಇಂಥವು ಬಂದವು. 2009ರಲ್ಲಿ ಆಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ವರ್ಗಾವಣೆ ಪತ್ರ ಬರಲು ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂಡಿಸಬೇಕು. ತಾಯ್ನುಡಿಯ ಪಾಠವನ್ನು ಮಾತ್ರ ಸಾಧ್ಯವಾದ ಮಟ್ಟಿಗೆ ಎಂದಿದೆ. ಆ 'ಸಾಧ್ಯವಾದ ಮಟ್ಟಿಗೆ' ಎಂಬುದು ಹಿಗ್ಗುವುದು ಕುಗ್ಗುವುದು ಕೇಳುವವರು ಇದ್ದಾರೆಯೇ ಎಂಬುದರ ಮೇಲೆ.

ಇಷ್ಟು ಕಾಲದ ಅನುಭವ ಹೇಳುವುದು ಒಂದೇ ಮಾತು. ತಂದೆತಾಯಿ ಮಾಡುವ ಆಯ್ಕೆ, ಹೋದ ಊರಿನಲ್ಲಿ ಶಾಲೆಯ ಬಾಗಿಲು ತೆರೆದಿದ್ದರೆ ಮಾತ್ರ ಆಯ್ಕೆ. ಮುಂಬಯಿಯಲ್ಲಿ ಅದನ್ನು ಮೊದಲು ಹೋದವರು ತೆರೆದಿಟ್ಟರು. ನಿಮ್ಮ ಓಣಿಯಲ್ಲಿ ಮನೆ ಏಳುತ್ತಿದ್ದು, ಕೂಲಿಕಾರರ ಮಕ್ಕಳು ಉಸುಕಿನ ಗುಡ್ಡೆಯ ಮೇಲೆ ಆಡುತ್ತಿದ್ದರೆ, ಅವರ ಊರು ಯಾವುದು, ಎಷ್ಟನೆಯ ಇಯತ್ತೆ ಎಂದು ಕೇಳಿ ನೋಡಿರಿ. ಹತ್ತಿರದ ಸಾಲಿಯ ಗುರುಗಳಿಗೆ ಒಂದು ಮಾತು ಮುಟ್ಟಿಸಿರಿ. ದೂರದ ದೇಶದಲ್ಲಿ ನಿಮ್ಮ ಮೊಮ್ಮಕ್ಕಳಿಗೆ ಯಾರಾದರೂ ಮಾಡಲಿ ಎಂದು ನೀವು ಬಯಸುವುದೂ ಅಷ್ಟನ್ನೇ ಅಲ್ಲವೇ?