ಎಣ್ಣೆ ದಡಕ್ಕೆ ಬರೋ ಮುಂಚೆ

ಉತ್ತರ ಸಮುದ್ರದ ಕಡೆ ರಜೆಗೆ ಹೋಗಿ ಬಂದವರು ನಮ್ಮಲ್ಲಿ ಕೆಲವರಿದ್ದೀರಿ. ನೀರು ಇಳಿದಾಗ ಕಿಲೋಮೀಟರ್‌ಗಟ್ಟಲೆ ಕೆಸರಿನ ಬಯಲು ಕಾಣುತ್ತಲ್ಲ, ಅದೇ ವಾಟನ್‌ಮೇರ್. 2009ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. ಹೊಳೆ ಬಾಯಲ್ಲಿ ಚಿಪ್ಪು ಆರಿಸಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಕೆಸರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಜಾಗದಲ್ಲಿ ಎಣ್ಣೆ ಬಿದ್ದರೆ ಜೆಸಿಬಿ ಇಳಿಸಿ ಬಾಚೋ ಹಾಗಿಲ್ಲ. ಗಾಡಿ ಹೂತು ಹೋಗುತ್ತೆ, ಚಕ್ರ ತುಳಿದ ಎಣ್ಣೆ ಇನ್ನೂ ಆಳಕ್ಕೆ ಇಳಿಯುತ್ತೆ. ಕೊನೆಗೆ ಸಲಿಕೆ ಹಿಡಿದ ಮನುಷ್ಯರೇ ಬೇಕು.

ಇದು ಜರ್ಮನಿಗೆ ಸರಿಯಾಗಿ ಗೊತ್ತಾಗಿದ್ದು 1998ರಲ್ಲಿ. ಸ್ವೀಡನ್‌ನಿಂದ ಮೊರಾಕ್ಕೋಗೆ ಮರ ಹೊತ್ತು ಹೊರಟಿದ್ದ ‘ಪಲ್ಲಾಸ್’ ಅನ್ನೋ ಹಡಗಿಗೆ ಅಕ್ಟೋಬರ್ 25ರಂದು ಡೆನ್ಮಾರ್ಕ್ ಹತ್ತಿರ ಬೆಂಕಿ ಬಿತ್ತು. ಹೆಲಿಕಾಪ್ಟರ್‌ನವರು ಸಿಬ್ಬಂದಿಯನ್ನು ಎತ್ತಿಕೊಂಡರು, ಒಬ್ಬರು ಮಾತ್ರ ಉಳಿಯಲಿಲ್ಲ. ಜನ ಇಲ್ಲದ ಹಡಗು ಉರಿಯುತ್ತಲೇ ತೇಲಿಕೊಂಡು ಜರ್ಮನಿ ನೀರಿಗೆ ಬಂತು. ಎಳೆಯೋಕೆ ಕಟ್ಟಿದ ಹಗ್ಗಗಳು ಬಿರುಗಾಳಿಗೆ ಕಿತ್ತು ಹೋದವು. 29ಕ್ಕೆ ಆಮ್ರುಮ್ ದ್ವೀಪದ ಹತ್ತಿರ ಮರಳಿಗೆ ಸಿಕ್ಕಿಬಿತ್ತು.

ಅದರಿಂದ ಸೋರಿದ ಎಣ್ಣೆ ದೊಡ್ಡ ಟ್ಯಾಂಕರ್ ಅಪಘಾತಗಳ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೂ ಸುಮಾರು 16,000 ಹಕ್ಕಿ ಸತ್ತವು. ಹೆಚ್ಚಿನವು ಐಡರ್ ಬಾತುಕೋಳಿ, ಚಳಿಗಾಲ ಕಳೆಯೋಕೆ ಅಲ್ಲಿ ಗುಂಪು ಸೇರುವಂಥವು. ಗರಿಗೆ ಎಣ್ಣೆ ಅಂಟಿದರೆ ಚಳಿ ನೇರ ಮೈಗೆ ಹೊಕ್ಕುತ್ತೆ. ಕೊಕ್ಕಿನಿಂದ ಗರಿ ಒರೆಸಿಕೊಳ್ಳೋಕೆ ಹೋದರೆ ಅದೇ ವಿಷ ಹೊಟ್ಟೆಗೆ ಹೋಗುತ್ತೆ. ಎಣ್ಣೆ ಎಷ್ಟು ಅನ್ನೋದಕ್ಕಿಂತ ಎಲ್ಲಿ, ಯಾವ ತಿಂಗಳಲ್ಲಿ ಬಿತ್ತು ಅನ್ನೋದೇ ಮುಖ್ಯ ಅಂತ ಪಲ್ಲಾಸ್ ತೋರಿಸಿತು.

ಆಮೇಲೆ ಜಗಳ ಶುರು. ಹಡಗು ಡೆನ್ಮಾರ್ಕ್‌ನವರದೋ, ಕೇಂದ್ರದವರದೋ, ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದವರದೋ? ಶಿಸ್ತಿಗೆ ಹೆಸರಾದ ದೇಶದಲ್ಲೂ ಫೈಲು ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಓಡಾಡುತ್ತೆ ಅನ್ನೋದು ನಮಗೇನು ಹೊಸದಲ್ಲ ಬಿಡಿ. ಆದರೆ ಇವರು ಅಲ್ಲಿಗೇ ಬಿಡಲಿಲ್ಲ. ತನಿಖೆಗೆ ಗ್ರೋಬೆಕರ್ ಆಯೋಗ ಕೂತಿತು. 2003ರ ಜನವರಿ 1ರಿಂದ ಕೇಂದ್ರ ಮತ್ತು ಐದು ಕರಾವಳಿ ರಾಜ್ಯಗಳು ಸೇರಿ ಕುಕ್ಸ್‌ಹಾಫೆನ್‌ನಲ್ಲಿ ಹವಾರಿಕೊಮಾಂಡೊ ನಡೆಸುತ್ತಿವೆ. ದೊಡ್ಡ ಅಪಘಾತ ಆದರೆ ಆಜ್ಞೆ ಕೊಡೋದು ಅವರೊಬ್ಬರೇ.

ಆಜ್ಞೆ ಸರಿ, ದಡದಲ್ಲಿ ಕೈ ಕೊಳಕು ಮಾಡಿಕೊಳ್ಳೋರು ಯಾರು? ಇಲ್ಲಿ ಟೆಕ್ನಿಶೆಸ್ ಹಿಲ್ಫ್ಸ್‌ವೆರ್ಕ್ ಬರುತ್ತೆ, ಇವರ ಬಾಯಲ್ಲಿ ಟೇ-ಹಾ-ವೇ. ನೀಲಿ ಗಾಡಿ ನೀವೂ ನೋಡಿರುತ್ತೀರಿ. 1950ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಸಂಬಳ ಇಲ್ಲದ ಸ್ವಯಂಸೇವಕರು. ಕರಾವಳಿಯ ಕೆಲವು ಘಟಕಗಳಲ್ಲಿ ಎಣ್ಣೆಗೇ ಅಂತ ತಂಡ ಇದೆ. ಪಂಪ್ ಜೋಡಿಸೋದು, ನೀರು-ಎಣ್ಣೆ ಬೇರೆ ಮಾಡೋ ಯಂತ್ರ ನಡೆಸೋದು, ತೇಲುಬೇಲಿ ಎಳೆಯೋದು, ಇವನ್ನೆಲ್ಲ ಬಿಡುವಿನ ದಿನಗಳಲ್ಲಿ ಅಭ್ಯಾಸ ಮಾಡ್ತಾರೆ. ಬೇಲಿ ಕಟ್ಟೋದೂ ಒಂದು ವಿದ್ಯೆ. ನೀರು ಗಂಟೆಗೆ ಸುಮಾರು 1.3 ಕಿಲೋಮೀಟರ್‌ಗಿಂತ ಜೋರಾಗಿ ನೇರ ಬಂದು ಬಡಿದರೆ ಎಣ್ಣೆ ಅಡಿಯಿಂದ ನುಸುಳಿ ಹೋಗುತ್ತೆ. ಅದಕ್ಕೇ ಓರೆಯಾಗಿ ಕಟ್ಟಿ, ಎಣ್ಣೆಯನ್ನು ನೀರು ನಿಂತಿರೋ ಮೂಲೆಗೆ ತಳ್ಳಿ, ಅಲ್ಲಿ ಎತ್ತಬೇಕು. ಇದನ್ನು ಅಪಘಾತದ ದಿನ ಕಲಿಯೋಕೆ ಆಗಲ್ಲ.

ನಮಗೆ ಸಂಬಂಧಪಟ್ಟ ಮಾತು ಒಂದಿದೆ. ಟೇ-ಹಾ-ವೇ ಸೇರೋಕೆ ಜರ್ಮನ್ ಪಾಸ್‌ಪೋರ್ಟ್ ಬೇಕಿಲ್ಲ. ಕೆಲಸದ ಹೊತ್ತಲ್ಲಿ ಕರೆ ಬಂದರೆ ಮಾಲೀಕ ಸಂಬಳ ಕಡಿಯದೆ ಬಿಡಬೇಕು, ಖಾಸಗಿಯವನಾದರೆ ಆ ದುಡ್ಡು ಅವನಿಗೆ ವಾಪಸ್ ಸಿಗುತ್ತೆ. ಐಟಿಐ ಮಾಡಿ ಬಂದ ನಮ್ಮಂಥ ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್‌ಗಳ ಕೈಗೆ ಅಲ್ಲಿ ಬೆಲೆ ಇದೆ. ಮಳೆಯಲ್ಲಿ ಜನರೇಟರ್‌ನಿಂದ ಪಂಪ್‌ಗೆ ಲೈನ್ ಎಳೆಯೋಕೆ ಪದವಿ ಕೇಳಲ್ಲ. ಜರ್ಮನ್ ಭಾಷೆ ಮಾತ್ರ ಬೇಕು.

ನಮ್ಮೂರ ಕಡೆ ನೋಡಿ. 2006ರ ಮೇ ಕೊನೆಗೆ, ಮಳೆಗಾಲದ ಬಾಗಿಲಲ್ಲಿ, ಕಾರವಾರದ ಆಯ್‌ಸ್ಟರ್ ರಾಕ್ ಹತ್ತಿರ ‘ಓಶನ್ ಸೆರಾಯಾ’ ಬಂಡೆಗೆ ಬಡಿದು ಎಣ್ಣೆ ಕಾರವಾರಕ್ಕೂ ಗೋವಾ ದಡಕ್ಕೂ ಬಂತು. 2017ರ ಜನವರಿಯಲ್ಲಿ ಚೆನ್ನೈನ ಎನ್ನೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ವಿದ್ಯಾರ್ಥಿಗಳು, ಮೀನುಗಾರರು ಬಕೆಟ್‌ನಲ್ಲಿ ಎಣ್ಣೆ ತುಂಬಿದರು. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ‘ಪ್ರಿನ್ಸೆಸ್ ಮಿರಾಲ್’ ಮುಳುಗಿತು. ನಮ್ಮ ಜನಕ್ಕೆ ಮನಸ್ಸಿಗೇನೂ ಕಮ್ಮಿ ಇಲ್ಲ. ಕೈಗವಸು, ಮಾಸ್ಕು, ಮುಂಚಿನ ತರಬೇತಿ, ಯಾರ ಮಾತು ಕೇಳಬೇಕು ಅನ್ನೋ ಪಟ್ಟಿ, ಇವೇ ಇರಲ್ಲ. ಬರಿಗೈಲಿ ಎಣ್ಣೆ ಮುಟ್ಟಿದ ಹುಡುಗನನ್ನು ವೀರ ಅಂತ ಹೊಗಳೋದು ನನಗೆ ಇಷ್ಟ ಆಗಲ್ಲ. ಅವನಿಗೆ ಒಂದು ಜೊತೆ ಗ್ಲೌಸ್ ಕೊಡದೆ ಇದ್ದದ್ದು ನಾಚಿಕೆ.

ಹಾಗಂತ ಜರ್ಮನಿಯಲ್ಲಿ ಎಲ್ಲ ಸರಿಹೋಯ್ತು ಅಂತಲ್ಲ. ಪಲ್ಲಾಸ್ ಸಿಕ್ಕಿಬಿದ್ದು ಸರಿಯಾಗಿ 19 ವರ್ಷಕ್ಕೆ, 2017ರ ಅಕ್ಟೋಬರ್ 29ರಂದು, ‘ಗ್ಲೋರಿ ಆಮ್‌ಸ್ಟರ್‌ಡಾಮ್’ ಬಿರುಗಾಳಿಗೆ ಲಂಗರು ಎಳೆದುಕೊಂಡು ತೇಲಿ ಲಾಂಗೆಓಗ್ ದ್ವೀಪದ ಮುಂದೆ ಕೂತಿತು. ಎಳೆಯೋ ಹಡಗು ‘ನೋರ್ಡಿಕ್’ ಹೊತ್ತಿಗೆ ಸರಿಯಾಗಿ ಹೋಗಿತ್ತು, ಆದರೂ ಹಗ್ಗ ನಿಲ್ಲಲಿಲ್ಲ. ಹಡಗಿನವರ ಜೊತೆ ಮಾತಿನ ತೊಡಕೂ ಆಗಿತ್ತು. ಹೊರದೇಶದಲ್ಲಿ ದುಡಿಯೋ ನಮಗೆ ಆ ಕಷ್ಟ ಗೊತ್ತು. ಟ್ಯಾಂಕು ಒಡೆಯಲಿಲ್ಲ, ನವೆಂಬರ್ 2ಕ್ಕೆ ಎಳೆದು ಬಿಡಿಸಿದರು. ಪಲ್ಲಾಸ್‌ನ ಮೂಳೆ ಇವತ್ತಿಗೂ ಆಮ್ರುಮ್ ಹತ್ತಿರ ನೀರಲ್ಲೇ ಇದೆ.